ಗೋಡೆ ಕೇಳುವ ಶಾಸ್ತ್ರ

ನನ್ನ ದನಿ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮೂರಲ್ಲಿ ಮದುವೆಗೆ ಬಂದ ಹುಡುಗಿಯ ಮೂಗು ಮೊಂಡಾಗಿದ್ದರೂ ನಡೆಯುತ್ತದೆ, ಅಡುಗೆ ಬಾರದಿದ್ದರೂ ನಡೆಯುತ್ತದೆ, ದನಿ ದೊಡ್ಡದಾಗಿದ್ದರೆ ಮಾತ್ರ ನಡೆಯುವುದಿಲ್ಲ. ನಮ್ಮೂರಿನ ಗೋಡೆಗಳು ಜೋರಾಗಿ ಆಡಿದ ಮಾತನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೆಲ್ಲಗೆ ಆಡಿದ್ದು ನಿಲ್ಲುವುದಿಲ್ಲ, ಕೂಗಿದ್ದು ಹೋಗುವುದಿಲ್ಲ. ಯಾವ ಗೋಡೆಗಾದರೂ ಕಿವಿ ಆನಿಸಿ ಕೂತರೆ ಆ ಮನೆಯಲ್ಲಿ ಯಾರು ಯಾರ ಮೇಲೆ ಏನೆಂದು ಕೂಗಿದ್ದರು ಎಂಬುದೆಲ್ಲ ಒಂದಾದ ಮೇಲೊಂದು ಕೇಳಿಬರುತ್ತದೆ. ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಬೇರೆ ಊರುಗಳ ಗೋಡೆಗೆ ಗೆದ್ದಲು ಹಿಡಿಯುತ್ತದಂತೆ, ನಮ್ಮಲ್ಲಿ ಮಾತು ಹಿಡಿಯುತ್ತದೆ.

ನಾವು ಇದಕ್ಕೆ ಹೊಂದಿಕೊಂಡೇ ಬದುಕುತ್ತೇವೆ. ಮಂಚವನ್ನು ಗೋಡೆಯಿಂದ ಮೊಳ ದೂರ ಹಾಕುತ್ತೇವೆ, ಇಲ್ಲವಾದರೆ ಸತ್ತುಹೋದ ಅಜ್ಜ ರಾತ್ರಿಯೆಲ್ಲ ಎಲೆಅಡಿಕೆ ಕೇಳುತ್ತಿರುತ್ತಾನೆ. ಬೇರೆಯವರ ಮನೆಗೆ ಹೋದಾಗ ಗೋಡೆಗೆ ಒರಗಿ ಕೂರುವುದು ಕೆಟ್ಟ ನಡತೆ. ಗಂಡ ಹೆಂಡಿರಿಗೆ ಜಗಳ ಬಂತೆನ್ನಿ, ಇಬ್ಬರೂ ಚಪ್ಪಲಿ ಮೆಟ್ಟಿ, ಮನೆಗೆ ಬೀಗ ಹಾಕಿ, ಊರಾಚೆಯ ಬಯಲಿಗೆ ಹೋಗುತ್ತಾರೆ. ಅಲ್ಲಿ ಒಂದು ಗೋಡೆಯಿಲ್ಲ, ಒಂದು ಬಂಡೆಯಿಲ್ಲ. ಮನಸಾರೆ ಕೂಗಾಡಿ, ಬರುವ ದಾರಿಯಲ್ಲಿ ಸೊಪ್ಪು ಕೊಂಡು ಮನೆಗೆ ಬರುತ್ತಾರೆ. ಬಯಲಿನಲ್ಲಿ ಪರಿಚಯದವರು ಎದುರಾದರೆ ನೋಡದವರ ಹಾಗೆ ದಾಟಿ ಹೋಗುವುದು ಮರ್ಯಾದೆ. ಕಿವಿ ಕೊಟ್ಟರೆ ಏನೂ ಕೇಳಿಸದ ಮನೆಯೇ ನಮ್ಮೂರಲ್ಲಿ ದೊಡ್ಡ ಮನೆ.

ನಮ್ಮದು ಅಂಥ ಮನೆಯಲ್ಲ. ನಮ್ಮಪ್ಪ ಪುಟ್ಟಮಾದಪ್ಪನದು ಹಿಟ್ಟಿನ ಗಿರಣಿ, ಮನೆಗೆ ಅಂಟಿಕೊಂಡೇ ಇದೆ. ಬೆಳಗ್ಗೆ ಯಂತ್ರದ ಪಟ್ಟೆ ತಿರುಗಲು ಶುರುವಾಯಿತೆಂದರೆ ಪಕ್ಕದಲ್ಲಿ ನಿಂತವರಿಗೆ ಉಪ್ಪು ಕೇಳುವುದಕ್ಕೂ ಗಂಟಲು ಹರಿಯುವ ಹಾಗೆ ಕೂಗಬೇಕು. ಹುಟ್ಟಿದಾಗಿನಿಂದ ಹಾಗೇ ಮಾತಾಡಿ ನಮಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ. ಮೇಲಾಗಿ ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ, ನನಗೂ ಅಷ್ಟೆ, ಅಮ್ಮ ದಾಕ್ಷಾಯಿಣಿಗೆ ನಮ್ಮಿಬ್ಬರಿಗಿಂತ ಒಂದು ಕೈ ಹೆಚ್ಚು. ರಾಗಿ ಬೀಸಿಸಲು ಜನ ಡಬ್ಬ ಹಿಡಿದು ನಿಂತಿರುವಾಗ ಜಗಳಕ್ಕೆಂದು ಬಯಲಿಗೆ ಹೋಗಲು ಯಾರಿಗೆ ಪುರುಸೊತ್ತು? ಎಲ್ಲ ಜಗಳವೂ ನಡುಮನೆಯಲ್ಲೇ ಆಗಿಹೋಗುತ್ತಿತ್ತು. ಬೀದಿಯವರು ನಮ್ಮ ಮನೆಗೆ ಸಂತೆ ಮನೆ ಎಂದು ಹೆಸರಿಟ್ಟಿದ್ದರು.

ಅದರ ಫಲ ಉಂಡವಳು ನನ್ನ ಅಕ್ಕ. ನಮ್ಮೂರಲ್ಲಿ ನಿಶ್ಚಿತಾರ್ಥಕ್ಕೆ ಮೊದಲು ಗೋಡೆ ಕೇಳುವ ಶಾಸ್ತ್ರವಿದೆ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬಂದು, ನಡುಮನೆಯ ಗೋಡೆಗೆ ಕಿವಿ ಕೊಟ್ಟು ಕೂರುತ್ತಾರೆ. ಒಂದು ಊದುಬತ್ತಿ ಉರಿದು ಮುಗಿಯುವವರೆಗೆ ಮನೆಯಲ್ಲಿ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಮುಗಿದ ಮೇಲೆ ಅವರು ತಾಂಬೂಲದ ತಟ್ಟೆ ತೆಗೆದುಕೊಂಡರೆ ನಿಶ್ಚಯವಾದಂತೆ, ಮುಟ್ಟದೆ ಎದ್ದರೆ ಮುಗಿಯಿತು. ಅಕ್ಕನನ್ನು ಕೇಳಲು ಬಂದವರೆಲ್ಲ ಅರ್ಧ ಊದುಬತ್ತಿಗೇ ಎದ್ದು ಹೋದರು. ಕೊನೆಗೆ ಅವಳನ್ನು ಗೋಡೆ ಮಾತಾಡದ ಯಾವುದೋ ದೂರದ ಊರಿಗೆ ಕೊಟ್ಟು ಕಳಿಸಿದೆವು. ಅವಳನ್ನು ಬಸ್ಸು ಹತ್ತಿಸಿ ಬಂದ ದಿನ ನಾನು ಮದುವೆಯ ಆಸೆಯನ್ನೇ ಬಿಟ್ಟು ಕಾಲೇಜು ಸೇರಿದೆ.

ನಮ್ಮ ಕಾಲೇಜು ಹಳೆಯ ಕಲ್ಲುಕಟ್ಟಡ. ಪರೀಕ್ಷೆಯ ಸಮಯದಲ್ಲಿ ಬೆಂಚುಗಳನ್ನೆಲ್ಲ ಗೋಡೆಯಿಂದ ಎಳೆದು ನಡುವೆ ಹಾಕುತ್ತಾರೆ, ಇಲ್ಲವಾದರೆ ಗೋಡೆಯೇ ಉತ್ತರ ಹೇಳಿಕೊಡುತ್ತದೆ. ಚರಿತ್ರೆಯ ಕ್ಲಾಸಿನ ನಡುವೆ ಒಂದು ದಪ್ಪ ಕಲ್ಲುಕಂಬವಿತ್ತು, ಅದರ ಆಚೆಗೆ ಹುಡುಗರು, ಈಚೆಗೆ ಹುಡುಗಿಯರು. ಅವತ್ತು ಗಿರಣಿಯಲ್ಲಿ ಮೆಣಸಿನಪುಡಿ ಮಾಡುವ ದಿನ. ಸೀನುತ್ತ, ಕಣ್ಣು ಕೆಂಪಗೆ ಮಾಡಿಕೊಂಡು ತಡವಾಗಿ ಬಂದೆ. ಕಂಬದ ಪಕ್ಕದ ಜಾಗವೊಂದೇ ಖಾಲಿ ಇತ್ತು. ಕೂತು ನೋಡಿದರೆ ಕಂಬದ ಆಚೆ ಬದಿಯಲ್ಲಿ ಒಬ್ಬ ಹುಡುಗ ಕಲ್ಲಿಗೆ ತಲೆ ಒರಗಿಸಿ, ಕಣ್ಣು ಮುಚ್ಚಿ, ಸಣ್ಣಗೆ ನಗುತ್ತಿದ್ದಾನೆ. ಎದುರಿಗೆ ಮೇಷ್ಟ್ರು ನೋಟ್ಸ್ ಓದುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಪೆನ್ನಿನಿಂದ ತಿವಿದು, ನನ್ನ ಲೆಕ್ಕದಲ್ಲಿ ಪಿಸುಮಾತಿನಲ್ಲೇ, "ಏನ್ರೀ, ನಿದ್ದೆ ಮಾಡೋಕೆ ಫೀಸು ಕಟ್ಟಿದ್ದೀರಾ?" ಎಂದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ಇಬ್ಬರನ್ನೂ ಆಚೆ ಕಳಿಸಿದರು.

ವರಾಂಡದಲ್ಲಿ ಅವನು ಏನೋ ಹೇಳಿದ. ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಮಾತು ಬರಲಿಲ್ಲ. ಹತ್ತಿರ ಹೋದೆ. "ನಿದ್ದೆ ಅಲ್ಲ ರೀ. ಪಾಠ ಕೇಳ್ತಿದ್ದೆ. ಎಷ್ಟೋ ವರ್ಷದ ಹಿಂದೆ ಅದೇ ಕ್ಲಾಸಲ್ಲಿ ಒಬ್ಬರು ಮೇಷ್ಟ್ರಿದ್ರು. ಈಗಿನವರು ಓದ್ತಾರೆ. ಅವರು ಯುದ್ಧಕ್ಕೆ ತಾವೇ ಹೋಗ್ತಾರೆ" ಎಂದ. ಮಾರನೆಯ ದಿನ ನಾನೂ ಕಂಬಕ್ಕೆ ಕಿವಿ ಕೊಟ್ಟೆ. ಯಾರೋ ಪುಣ್ಯಾತ್ಮ ಕೋಟೆಯ ಬಾಗಿಲು ಒಡೆಯುತ್ತಿದ್ದ. "ಆನೆ ಹಿಂದಕ್ಕೆ ಬಂತು ಕಣ್ರಯ್ಯಾ! ಮಾವುತ ಬಿದ್ದ! ಈಗ ಏನು ಮಾಡ್ತೀರಿ? ಹೇಳ್ರೋ!" ಎಂದು ಆ ದನಿ ಕೇಳಿದಾಗ ನನಗೆ ಎದ್ದು ಓಡಿಹೋಗಿ ಬಾಗಿಲು ತಳ್ಳಬೇಕೆನಿಸಿತು. ಕಂಬದ ಆಚೆಯಿಂದ ಅವನು ನನ್ನ ಮುಖ ನೋಡುತ್ತಿದ್ದ. ಆ ವರ್ಷ ಚರಿತ್ರೆಯಲ್ಲಿ ನಮ್ಮಿಬ್ಬರಿಗೂ ಒಳ್ಳೆಯ ಅಂಕ ಬಂತು.

ಅವನ ಹೆಸರು ಗುರುಮಲ್ಲೇಶ. ಅವನ ಮಾತು ಕೇಳಬೇಕಾದರೆ ನನ್ನ ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ಒಯ್ಯಬೇಕಿತ್ತು. ಅದನ್ನು ನೋಡಿ ಗೆಳತಿಯರು ಬೇರೆಯೇ ಅರ್ಥ ಮಾಡಿಕೊಂಡರು. ಅವರು ಮಾಡಿಕೊಂಡ ಅರ್ಥ ತಪ್ಪೇನಲ್ಲ, ನಮಗಿಂತ ಸ್ವಲ್ಪ ಮುಂಚೆ ಮಾಡಿಕೊಂಡರು ಅಷ್ಟೆ. ಅವನು ಯಾರ ಮಗನೆಂದು ತಿಳಿದಾಗ ಮಾತ್ರ ನನ್ನ ಎದೆ ಧಸಕ್ಕೆಂದಿತು. ಕೋರ್ಟಿನ ಶಿರಸ್ತೇದಾರ ಶಾಂತಮಲ್ಲಪ್ಪನವರ ಮಗ! ಆ ಮನೆಯ ಗೋಡೆ ಹಾಲಿನಂಥದ್ದು ಎಂದು ಊರೇ ಹೇಳುತ್ತಿತ್ತು. ಎಲ್ಲಿ ಕಿವಿ ಕೊಟ್ಟರೂ ಒಂದು ಮಾತಿಲ್ಲ. ಬೇರೆ ಮನೆಗಳ ಸೊಸೆಯರಿಗೆ ಅತ್ತೆಯರು ಆ ಮನೆಯನ್ನೇ ತೋರಿಸಿ ಬುದ್ಧಿ ಹೇಳುತ್ತಿದ್ದರು.

"ಅದ್ಹೇಗೆ ರೀ ಇರ್ತೀರಾ ಅಲ್ಲಿ?" ಎಂದು ಕೇಳಿದೆ. "ಅಭ್ಯಾಸ" ಎಂದ ಮಲ್ಲೇಶ. "ಊಟಕ್ಕೆ ಕೂತಾಗ ಅನ್ನ ಬೇಕಂದ್ರೆ ತಟ್ಟೆಗೆ ಒಂದ್ಸಲ ಬೆರಳು ತಟ್ಟೋದು. ಸಾರಿಗೆ ಎರಡು ಸಲ." "ಮಜ್ಜಿಗೆಗೆ?" "ಮಜ್ಜಿಗೆಗೆ ಏನೂ ಇಲ್ಲ. ಕೊನೇಗೆ ಅದೇ ತಾನೆ ಬರೋದು." ನಾನು ನಕ್ಕು ನಕ್ಕು ಸಾಕಾದೆ. ಅವನು ನಗಲಿಲ್ಲ. "ಅಮ್ಮ ಒಂದೊಂದ್ಸಲ ದಿನಗಟ್ಟಲೆ ಮಾತೇ ಆಡಲ್ಲ. ಆಡಿದ್ರೂ ಹೂಂ, ಊಹೂಂ ಅಷ್ಟೆ" ಎಂದ. ಅವನ ತಾಯಿ ರಾಜಮ್ಮಣ್ಣಿಯವರನ್ನು ನಾನು ಆಗಿನ್ನೂ ನೋಡಿರಲಿಲ್ಲ.

ನಮಗೆ ಮಾತಾಡಲು ಇದ್ದದ್ದು ಒಂದೇ ಜಾಗ, ಜಗಳದ ಬಯಲು. ಅಲ್ಲಿ ನಿಂತವರನ್ನು ಯಾರೂ ತಿರುಗಿ ನೋಡುವುದಿಲ್ಲವಲ್ಲ, ಪ್ರೀತಿ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಆದರೆ ಜಗಳವಾಡುವವರ ಹಾಗೆ ಕಾಣಬೇಕಿತ್ತು. ಕೈ ಬೀಸಬೇಕು, ಹುಬ್ಬು ಗಂಟಿಕ್ಕಬೇಕು, ಆಗಾಗ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬರಬೇಕು. ಮಲ್ಲೇಶನಿಗೆ ಇದೊಂದೂ ಬಾರದು. "ಕೈ ಎತ್ರೀ, ಕೈ ಎತ್ತಿ! ಪೋಸ್ಟ್‌ಮಾಸ್ಟರೂ ಅವರ ಹೆಂಡತೀನೂ ಈ ಕಡೆ ಬರ್ತಿದ್ದಾರೆ" ಎಂದು ನಾನು ಹಲ್ಲು ಕಚ್ಚಿ ಹೇಳಿದರೆ ಪಾಪ, ಬೆರಳು ತೋರಿಸಿ, ಕಣ್ಣು ಕೆಕ್ಕರಿಸಿ, "ಇವತ್ತು ನಿಮ್ಮ ಜಡೆ ಚೆನ್ನಾಗಿದೆ" ಎನ್ನುತ್ತಿದ್ದ. "ನಿಮ್ಮ ಅಂತ ಯಾರಾದ್ರೂ ಜಗಳ ಆಡ್ತಾರಾ? ನಿನ್ನ ಅನ್ನಿ!" ಎಂದೆ. ನಾವು ನೀವು ಬಿಟ್ಟು ನೀನು ಎಂದುಕೊಂಡಿದ್ದು ಹೀಗೆ. ಅವನು ನನ್ನನ್ನು ಇಷ್ಟಪಡುತ್ತೇನೆಂದು ಹೇಳಿದ ದಿನ ಅವನ ಮುಖ ಎಷ್ಟು ಸಿಟ್ಟಿನಿಂದ ಕೂಡಿತ್ತೆಂದರೆ, ದೂರದಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಮರ್ಯಾದೆ ಮರೆತು, "ಬಿಡಪ್ಪಾ, ಪಾಪ ಹೆಣ್ಣು" ಎಂದಳು.

ಕೊನೆಯ ವರ್ಷ ಬಂತು. ನಾನು ಅವನಿಗೆ ಖಡಾಖಂಡಿತವಾಗಿ ಹೇಳಿದೆ, "ನಿಮ್ಮಪ್ಪನ ಹತ್ರ ಹೇಳು. ಮೆಲ್ಲಗೆ ಅಲ್ಲ, ಗೋಡೇಲಿ ನಿಲ್ಲೋ ಹಾಗೆ ಹೇಳು. ಮೆಲ್ಲಗೆ ಹೇಳಿದ್ದಕ್ಕೆ ಈ ಊರಲ್ಲಿ ಕಾಸಿನ ಬೆಲೆ ಇಲ್ಲ." ಅವನು ತಲೆ ತಗ್ಗಿಸಿದ. "ನಂಗೆ ಜೋರಾಗಿ ಬರಲ್ಲ ಸರ್ವಮಂಗಳಾ. ಒಂದ್ಸಲಾನೂ ಕೂಗಿಲ್ಲ ನಾನು. ಬಿದ್ದು ಕೈ ಮುರಿದುಕೊಂಡಾಗಲೂ ಕೂಗಲಿಲ್ಲ." "ನಾನು ಕಲಿಸ್ತೀನಿ ಬಾ" ಎಂದೆ.

ಕಲಿಸಲು ಆರಿಸಿಕೊಂಡ ಜಾಗ ಕಾಲೇಜಿನ ಸೈಕಲ್ ಸ್ಟ್ಯಾಂಡು. ತಗಡಿನಲ್ಲಿ ಮಾತು ನಿಲ್ಲುವುದಿಲ್ಲ, ಇದು ಊರಿನ ಮಕ್ಕಳಿಗೂ ಗೊತ್ತು. ಆ ಸ್ಟ್ಯಾಂಡಿನ ಸೂರು ತಗಡು, ಸುತ್ತ ತಗಡು. ರಜೆಯ ದಿನ ಮಧ್ಯಾಹ್ನ ಇಬ್ಬರೂ ಹೋದೆವು. "ಗಂಟಲಿಂದ ಅಲ್ಲ, ಹೊಟ್ಟೆಯಿಂದ ಬರಬೇಕು" ಎಂದೆ. ಮೊದಲು ಕೆಮ್ಮಿದ. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ದನಿ ಬಂತು. ನಾನು ಬೈದೆ, ಅಣಕಿಸಿದೆ, "ಹೋಗು, ನಿಮ್ಮಪ್ಪ ತೋರಿಸಿದ ಹುಡುಗೀನ ಕಟ್ಟಿಕೊಂಡು ತಟ್ಟೆ ತಟ್ಟಿಕೊಂಡಿರು" ಎಂದೆ. ಅವನ ಮುಖ ಕೆಂಪಾಯಿತು. ಎರಡೂ ಮುಷ್ಟಿ ಬಿಗಿ ಹಿಡಿದು, ಕಣ್ಣು ಮುಚ್ಚಿ, "ನಾನು ಸರ್ವಮಂಗಳಾನ್ನೇ ಮದುವೆ ಆಗೋದು!" ಎಂದು ಕೂಗಿದ. ತಗಡು ಗಡಗಡ ಎಂದಿತು, ಸೂರಿನ ಪಾರಿವಾಳಗಳೆಲ್ಲ ಹಾರಿಹೋದವು. ನಾನು ಅಲ್ಲೇ ಕುಣಿದೆ. ಅವನೂ ಕುಣಿದ. ಖುಷಿಯಲ್ಲಿ ಇಬ್ಬರೂ ಒಂದು ವಿಷಯ ಮರೆತೆವು. ಆ ತಗಡನ್ನು ಮೂಲೆಯಲ್ಲಿ ಹೊತ್ತು ನಿಂತಿದ್ದದ್ದು ಒಂದು ಕಲ್ಲುಕಂಬ.

ಸೋಮವಾರ ಬೆಳಗ್ಗೆ ಯಾರೋ ಶೂ ಲೇಸು ಕಟ್ಟಲು ಆ ಕಂಬಕ್ಕೆ ಒರಗಿದರು. ಮಧ್ಯಾಹ್ನದ ಹೊತ್ತಿಗೆ ಸೈಕಲ್ ಸ್ಟ್ಯಾಂಡಿನಲ್ಲಿ ಸಾಲು ನಿಂತಿತ್ತು. ಸೈಕಲ್ಲೇ ಇಲ್ಲದ ಪ್ರಿನ್ಸಿಪಾಲರೂ ಒಂದು ಸಲ ಆ ಕಡೆ ಬಂದು ಹೋದರು. ಕಾರಿಡಾರಿನಲ್ಲಿ ನಾನು ನಡೆದರೆ ಸಾಕು, ಹುಡುಗರು ಒಕ್ಕೊರಲಿನಿಂದ ಆ ಮಾತನ್ನೇ ಹೇಳುತ್ತಿದ್ದರು. ಮಾರನೆಯ ದಿನ ಶಾಂತಮಲ್ಲಪ್ಪನವರೇ ಬಂದರು. ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಕಂಬಕ್ಕೆ ಕಿವಿ ಕೊಟ್ಟು, ಮಗನ ಮಾತನ್ನು ಪೂರ್ತಿ ಕೇಳಿದರು. ಟವೆಲ್ಲಿನಿಂದ ಕಿವಿ ಒರೆಸಿಕೊಂಡರು. ಯಾರನ್ನೂ ನೋಡದೆ ಹೊರಟುಹೋದರು.

ಕಲ್ಲಿನಲ್ಲಿ ನಿಂತ ಮಾತನ್ನು ಇಲ್ಲವೆನ್ನುವ ಹಾಗಿಲ್ಲ, ನಮ್ಮೂರಲ್ಲಿ ಅದು ಕೊಟ್ಟ ಮಾತು. ಹೆಣ್ಣಿನ ಮನೆಗೆ ಹೋಗಿ ಶಾಸ್ತ್ರ ಮಾಡಲೇಬೇಕು. ಆ ಸಂಜೆ ಬಯಲಿನಲ್ಲಿ ಸಿಕ್ಕಾಗ ಮಲ್ಲೇಶ ಕೈ ಬೀಸುವುದನ್ನೂ ಮರೆತು ನಿಂತಿದ್ದ. "ಅಪ್ಪಾಜಿ ಬರ್ತಾರಂತೆ, ಗೋಡೆ ಕೇಳೋಕೆ." ನಾನು ಹಿಗ್ಗಿ ಹೀರೇಕಾಯಿಯಾದೆ. "ಮತ್ತೆ ಯಾಕೆ ಹೀಗೆ ನಿಂತಿದ್ದೀಯ?" "ಅವರು ಬರ್ತಿರೋದೇ 'ಬೇಡ' ಅಂತ ಹೇಳೋಕೆ" ಎಂದ. "ನಿಮ್ಮನೆ ಗೋಡೆ ಏನು ಹೇಳುತ್ತೆ ಅಂತ ಊರಿಗೇ ಗೊತ್ತು. ಕೇಳಿ, ಎದ್ದು ಬಂದುಬಿಟ್ರೆ ನಾನು ಕಲ್ಲಲ್ಲಿ ಕೊಟ್ಟ ಮಾತು ಬಿದ್ದುಹೋಗುತ್ತೆ. ಆಮೇಲೆ ಯಾರೂ ನನ್ನನ್ನ ಮಾತಿಗೆ ತಪ್ಪಿದವನು ಅನ್ನೋ ಹಾಗಿಲ್ಲ." ಅಕ್ಕ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಮುಖ ನನ್ನ ಕಣ್ಣಿಗೆ ಕಟ್ಟಿತು. ಗಂಡಸರೆದುರು ಅತ್ತವಳಲ್ಲ ನಾನು. ಅವತ್ತು ಅತ್ತೆ. ಬಯಲಿನಲ್ಲಿ ಅಳುವ ಹೆಂಗಸರಿಗೇನು ಕೊರತೆ, ಯಾರೂ ನೋಡಲಿಲ್ಲ.

ಮನೆಗೆ ಬಂದು ವಿಷಯ ಹೇಳಿದೆ. ಅಪ್ಪ ಕೂಗಾಡುತ್ತಾನೆಂದು ಸೊಂಟ ಕಟ್ಟಿ ನಿಂತಿದ್ದೆ. ಅವನು ಗಿರಣಿ ನಿಲ್ಲಿಸಿ ಆಚೆ ಹೋದ. ಬರುವಾಗ ಕೈಯಲ್ಲಿ ಸುಣ್ಣದ ಮೂಟೆ, ಬಳಿಯುವ ಕುಂಚ. ದಪ್ಪಗೆ ಸುಣ್ಣ ಬಳಿದರೆ ಗೋಡೆಯ ಬಾಯಿ ಕೆಲವು ದಿನ ಕಟ್ಟುತ್ತದೆ. ಹೆಣ್ಣು ಹೆತ್ತವರು ಎಷ್ಟೋ ಮಂದಿ ಹಾಗೆ ಮಾಡುತ್ತಾರೆ, ಊರವರು ಕಂಡೂ ಕಾಣದ ಹಾಗೆ ಇರುತ್ತಾರೆ. "ಏನಪ್ಪಾ ಇದು?" ಎಂದೆ. "ಸುಮ್ನಿರು. ಹಿರೀಮಗಳನ್ನ ನನ್ನ ಬಾಯಿಂದಾನೇ ದೂರ ಮಾಡ್ಕೊಂಡೆ. ನಿನ್ನೂ ಮಾಡ್ಕೊಳ್ಳಕ್ಕೆ ಆಗಲ್ಲ" ಎಂದ. ಕುಂಚ ಕಸಿದುಕೊಂಡೆ. "ನಿಂಗೆ ಬುದ್ಧಿ ಇದೆಯೇನಪ್ಪಾ? ಇಷ್ಟು ವರ್ಷ ಬಾಳಿದ ಮನೇನ ಸುಣ್ಣ ಬಳಿದು ಮುಚ್ಚಿ ನನ್ನ ಕೊಡ್ತೀಯಾ? ಸುಣ್ಣ ಉದುರಿದ ದಿನ ಅವರು ನನ್ನ ಮುಖಕ್ಕೆ ಉಗೀತಾರೆ!" "ಉಗುದ್ರೆ ಉಗೀಲಿ, ಮದುವೆ ಆಗಿರುತ್ತಲ್ಲ!" "ಅಂಥ ಮದುವೆ ಬೇಡ ನಂಗೆ!" "ಬೇಡ ಅನ್ನೋಕೆ ನೀನ್ಯಾವಳೇ?" ಕುಂಚ ಅವನ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ತುಯ್ದಾಡಿತು. ಅಡುಗೆಮನೆಯಿಂದ ಅಮ್ಮ ಬಂದು, "ಅಯ್ಯೋ ನಿಮ್ಮ ಬಾಯಿಗಿಷ್ಟು! ಇದೂ ಗೋಡೆಗೆ ಹೋಗುತ್ತೆ ಕಣ್ರೋ!" ಎಂದು ನಮ್ಮಿಬ್ಬರಿಗಿಂತ ಜೋರಾಗಿ ಕೂಗಿದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಸ್ತಾಗಿ ಕೂತೆವು. ಸುಣ್ಣವನ್ನು ಅಪ್ಪ ಹಿತ್ತಲ ಬಚ್ಚಲಿಗೆ ಬಳಿದ.

ಅವರು ಬಂದ ದಿನ ಬೆಳಗಿನಿಂದಲೇ ಗಿರಣಿ ನಿಲ್ಲಿಸಿದ್ದೆವು. ಗೊತ್ತಿಲ್ಲದೆ ಹಿಟ್ಟಿಗೆ ಬಂದವರೆಲ್ಲ ಡಬ್ಬ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು, ಎದ್ದು ಹೋಗುವ ಲಕ್ಷಣವೇ ಇರಲಿಲ್ಲ. ಶಾಂತಮಲ್ಲಪ್ಪನವರು ಮಡಿಕೆ ಮುರಿಯದ ಬಿಳಿ ಪಂಚೆಯುಟ್ಟು ಮುಂದೆ ಬಂದರು. ಹಿಂದೆ ರಾಜಮ್ಮಣ್ಣಿಯವರು, ತೆಳ್ಳಗೆ, ಸೆರಗು ಹೊದ್ದು, ನೆಲ ನೋಡುತ್ತ. ಅವರ ಹಿಂದೆ ಮಲ್ಲೇಶ, ಜ್ವರ ಬಂದವನ ಹಾಗೆ. ಅಮ್ಮ ಚಾಪೆ ಹಾಸಿದಳು, ತಾಂಬೂಲದ ತಟ್ಟೆ ನಡುವೆ ಇಟ್ಟಳು, ಊದುಬತ್ತಿ ಹಚ್ಚಿದಳು. ಗಂಡ ಒಂದು ಗೋಡೆಗೆ, ಹೆಂಡತಿ ಎದುರು ಗೋಡೆಗೆ ಕಿವಿ ಕೊಟ್ಟು ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಎರಡು ಮುಖಗಳನ್ನು ನೋಡುತ್ತಿದ್ದೆ.

ಶಾಂತಮಲ್ಲಪ್ಪನವರ ಹುಬ್ಬು ಮೊದಲು ಏರಿತು, ಆಮೇಲೆ ಗಂಟಿಕ್ಕಿತು. ಅವರಿಗೆ ಯಾವುದು ಕೇಳುತ್ತಿರಬಹುದು? ನಾನು ಹತ್ತನೆಯ ಕ್ಲಾಸಿನಲ್ಲಿ ತಟ್ಟೆ ಎಸೆದದ್ದೋ, ಅಕ್ಕನಿಗೆ ಸೀರೆ ತಂದಾಗಿನದೋ, ಅಮ್ಮ ಅಪ್ಪನಿಗೆ ಮೊಂಡ ಎಂದದ್ದೋ? ಎಲ್ಲವೂ ಆ ಗೋಡೆಯಲ್ಲೇ ಇತ್ತು. ಊದುಬತ್ತಿ ಇನ್ನೂ ಅರ್ಧವೂ ಆಗಿರಲಿಲ್ಲ, ಅವರು ಪಂಚೆ ಕೊಡವಿ ಎದ್ದರು. ತಾಂಬೂಲದ ತಟ್ಟೆಯ ಕಡೆ ನೋಡಲಿಲ್ಲ. "ನಡೀರಿ" ಎಂದು ಮೆಲ್ಲಗೆ ಹೇಳಿದರು. ಅಪ್ಪನ ಭುಜ ಕುಸಿಯಿತು.

"ನಾನು ಬರಲ್ಲ." ಮಲ್ಲೇಶ ಹೇಳಿದ. ಆದರೆ ದೇವರೇ, ಅದೇ ಹಳೆಯ ದನಿ, ತುಟಿಯಿಂದಾಚೆ ಬಾರದ ದನಿ. ಕಲಿಸಿದ್ದೆಲ್ಲ ನೀರುಪಾಲು. ಅವನ ತಂದೆ ಕೇಳಿಸದವರ ಹಾಗೆ ಚಪ್ಪಲಿ ಹುಡುಕಿದರು. ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಇನ್ನೊಂದು ದನಿ ಬಂತು.

"ಅವನು ಬರಲ್ಲ ಅಂದ. ಕೇಳಿಸ್ಲಿಲ್ವಾ ನಿಮಗೆ?"

ರಾಜಮ್ಮಣ್ಣಿಯವರು ಗೋಡೆಯಿಂದ ಕಿವಿ ತೆಗೆದಿರಲಿಲ್ಲ. ಕಣ್ಣು ಮುಚ್ಚಿತ್ತು, ಕೆನ್ನೆ ಒದ್ದೆಯಾಗಿತ್ತು. "ಎದ್ದೇಳು" ಎಂದರು ಗಂಡ. "ಏಳಲ್ಲ. ಊದುಬತ್ತಿ ಇನ್ನೂ ಉರೀತಿದೆ." "ಸಾಕು ಕೇಳಿದ್ದು. ಬರೀ ಜಗಳ. ಹೆತ್ತ ಅಪ್ಪನ್ನ ಮಗಳು ಏಕವಚನದಲ್ಲಿ ಬೈದು ತಟ್ಟೆ ಎಸೀತಾಳೆ." "ಅಷ್ಟು ಕೇಳಿ ಎದ್ದುಬಿಟ್ರಿ. ನಾನು ಮುಂದಕ್ಕೂ ಕೇಳಿದೆ. ತಟ್ಟೆ ಎಸೆದ ಮಗಳಿಗೆ ಅಪ್ಪ ಆಮೇಲೆ ಏನು ಕೂಗಿದ್ದಾನೆ ಕೇಳಿದ್ರಾ? ಬಂದು ಉಣ್ಣೇ ಕತ್ತೆ, ನೀನು ಉಣ್ಣದಿದ್ರೆ ನನ್ನ ಗಂಟಲಲ್ಲಿ ಇಳಿಯಲ್ಲ ಅಂತ! ಪ್ರತೀ ಜಗಳದ ಬಾಲಕ್ಕೂ ಅದೇ ಇದೆ ಇಲ್ಲಿ. ಇವಳ ತಾಯಿ, ನನ್ನ ಮಗಳು ಕಾಲೇಜಿಗೆ ಹೋಗೇ ಹೋಗ್ತಾಳೆ, ಯಾವನು ತಡೀತಾನೋ ನೋಡ್ತೀನಿ ಅಂತ ಕೂಗಿದ್ದಾಳೆ. ಗಂಡ ತಡೆದಿಲ್ಲ, ಫೀಸು ಎಷ್ಟೇ ಅಂತ ಕೂಗಿದ್ದಾನೆ!"

ಒಂದೊಂದು ಮಾತಿಗೂ ಅವರ ದನಿ ಏರುತ್ತಿತ್ತು. ಶಾಂತಮಲ್ಲಪ್ಪನವರು ಗಾಬರಿಯಿಂದ ಸುತ್ತ ನೋಡಿ, "ಮೆಲ್ಲಗೆ ಮಾತಾಡು, ಗೋಡೆ ಇದೆ" ಎಂದರು.

"ಇದೆ ಅಂತಾನೇ ಹೇಳ್ತಿರೋದು!" ಎಂದು ರಾಜಮ್ಮಣ್ಣಿಯವರು ಕೂಗಿದರು. ಜಗಲಿಯ ಮೇಲೆ ಯಾರದ್ದೋ ಡಬ್ಬ ಉರುಳಿತು. ಅವರು ಎದ್ದು ನಿಂತಿದ್ದರು, ಸೆರಗು ಜಾರಿತ್ತು. "ನಮ್ಮನೆ ಗೋಡೆಗೆ ನಾನು ಎಷ್ಟು ಸಲ ಕಿವಿ ಕೊಟ್ಟಿದ್ದೀನಿ ಗೊತ್ತಾ? ನೀವು ಕಚೇರಿಗೆ ಹೋದ್ಮೇಲೆ ಒಂದೊಂದು ಗೋಡೇನೂ ಸವರಿ ಕೇಳಿದ್ದೀನಿ. ಯಾರಾದ್ರೂ ಯಾವತ್ತಾದ್ರೂ ನನ್ನ ಹೆಸರು ಕೂಗಿದ್ದಾರಾ ಅಂತ. ಇಲ್ಲ! ಈ ಮಗುವನ್ನ ಹೆತ್ತಾಗಲೂ ಬಾಯಿಗೆ ಬಟ್ಟೆ ತುರುಕ್ಕೊಂಡು ಹೆತ್ತೆ, ನಿಮ್ಮ ಗೋಡೆ ಮೈಲಿಗೆ ಆಗಬಾರದು ಅಂತ. ನಾಳೆ ನಾನು ಸತ್ರೆ ಆ ಮನೇಲಿ ಹೀಗೊಬ್ಬಳು ಇದ್ದಳು ಅನ್ನೋದಕ್ಕೆ ಒಂದು ಗುರುತಿಲ್ಲ. ಊರೆಲ್ಲ ಹಾಲಿನಂಥ ಗೋಡೆ ಅನ್ನುತ್ತೆ. ನಂಗೆ ಬೇಡ ಆ ಹಾಲು. ನಂಗೆ ಈ ಹುಡುಗಿ ಬೇಕು. ಇವಳು ಬಂದು ನಮ್ಮನೇಲಿ ಕೂಗಾಡಲಿ, ತಟ್ಟೆ ಎಸೀಲಿ. ನಾನೂ ಎಸೀತೀನಿ!"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಮಲ್ಲೇಶ ತಾಯಿಯನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಶಾಂತಮಲ್ಲಪ್ಪನವರು ಕೈಯಲ್ಲಿ ಒಂದು ಚಪ್ಪಲಿ ಹಿಡಿದುಕೊಂಡೇ ನಿಂತಿದ್ದರು. ಅಪ್ಪ ಮೆಲ್ಲಗೆ ಹೋಗಿ ಅದನ್ನು ಅವರ ಕೈಯಿಂದ ತೆಗೆದು ಬಾಗಿಲ ಬಳಿ ಇಟ್ಟ. "ಸ್ವಾಮಿ, ಒಂದು ಗಳಿಗೆ ಕೂತ್ಕೊಳ್ಳಿ. ಕಾಫಿ ಕುಡೀರಿ. ನಮ್ಮನೇಲಿ ಇದೆಲ್ಲ ದಿನಾ ಇದ್ದದ್ದೇ" ಎಂದ.

ಅವರು ಕೂತರು. ಕಾಫಿ ಬೇಡವೆಂದು ಕೈ ಆಡಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ಇನ್ನೊಂದು ಊದುಬತ್ತಿ ಹಚ್ಚಿ" ಎಂದರು. ಅಮ್ಮ ಹಚ್ಚಿದಳು. ಈ ಸಲ ಅವರು ಹೆಂಡತಿ ಕೂತಿದ್ದ ಗೋಡೆಗೇ ಕಿವಿ ಕೊಟ್ಟರು. ಬೂದಿ ಉದ್ದವಾಗಿ ಬಾಗಿ ಬಿದ್ದು, ಮತ್ತೆ ಬಾಗಿ ಬೀಳುತ್ತಿತ್ತು. ನಮ್ಮ ಹಳೆಯ ಜಗಳಗಳೆಲ್ಲ ಆಗಿ, ಕೊನೆಗೆ ಆಗಷ್ಟೇ ಆಡಿದ ಮಾತುಗಳೂ ಅಲ್ಲಿ ಬಂದಿರಬೇಕು. ಅವರ ಮುಖ 'ಛೇ' ಎನ್ನುವ ಹಾಗೆ ಕಿವುಚಿಕೊಂಡಿತು. ಬಾಯಿಗೆ ಬಟ್ಟೆ ತುರುಕಿಕೊಂಡ ಮಾತನ್ನು ಅವರು ಎರಡನೆಯ ಸಲ ಕೇಳಿದರೆಂದು ನನಗೆ ಆಗಲೇ ಗೊತ್ತಾಯಿತು.

ಊದುಬತ್ತಿ ಪೂರ್ತಿ ಮುಗಿದ ಮೇಲೆ ಎದ್ದರು. ಕೆಮ್ಮಿದರು. ಮಗ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆಯೇ ಎರಡೂ ಮುಷ್ಟಿ ಬಿಗಿ ಹಿಡಿದರು. ಬಂದದ್ದು ಒಡೆದ, ಒರಟು, ಅಭ್ಯಾಸವೇ ಇಲ್ಲದ ದನಿ. ಆದರೆ ಅದು ಗೋಡೆಗೆ ತಾಗಿತು.

"ರಾಜಮ್ಮಣ್ಣೀ! ತಟ್ಟೆ ತಗೋ!"

ರಾಜಮ್ಮಣ್ಣಿಯವರು ಹೆಸರು ಕೇಳಿ ಅಲ್ಲೇ ಕಲ್ಲಾದರು. ಆಮೇಲೆ ಕಣ್ಣೀರಲ್ಲೇ ನಕ್ಕು, "ಮನೇಲೂ ಒಂದ್ಸಲ ಹೀಗೇ ಕೂಗಬೇಕು ನೀವು" ಎಂದರು. ತಟ್ಟೆಗೆ ಕೈ ಹಾಕಲು ಹೋದವರು ನಿಂತರು. ನನ್ನ ಕಡೆ ತಿರುಗಿದರು. ನಮ್ಮೂರಿನ ಶಾಸ್ತ್ರದಲ್ಲಿ ಗೋಡೆಯನ್ನು ಕೇಳುತ್ತಾರೆ, ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಅವರು ಕೇಳಿದರು. "ಬಾಮ್ಮಾ ಇಲ್ಲಿ. ನನ್ನ ಮಗನ್ನ ಮದುವೆ ಆಗೋಕೆ ನಿಂಗೆ ಇಷ್ಟ ಇದೆಯಾ?"

ಹೇಳಬೇಕಲ್ಲ! ಊರಿಗೇ ಕೇಳುವ ಗಂಟಲಿನವಳು ನಾನು. ಮಲ್ಲೇಶನನ್ನು ನೋಡಿದೆ, ಅಪ್ಪನ ಒದ್ದೆ ಮೀಸೆ ನೋಡಿದೆ, ಆ ತಾಯಿಯ ಮುಖ ನೋಡಿದೆ. ತುಟಿ ಅಲ್ಲಾಡಿತು, ಉಸಿರು ಬಂತು, ದನಿ ಬರಲಿಲ್ಲ. "ಏನಂದಳು?" ಎಂದು ಅಮ್ಮ. "ಹೇಳೇ ಕತ್ತೆ" ಎಂದು ಅಪ್ಪ. ಮಲ್ಲೇಶ ಹೊಟ್ಟೆ ತಟ್ಟಿ ತೋರಿಸುತ್ತಿದ್ದ, ಇಲ್ಲಿಂದ, ಇಲ್ಲಿಂದ ಎಂದು. ಶಾಂತಮಲ್ಲಪ್ಪನವರು ಗೋಡೆಯ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದು, ಕಿವಿಯ ಹಿಂದೆ ಕೈ ಇಟ್ಟು, "ಕೇಳಿಸ್ಲಿಲ್ಲಮ್ಮಾ, ಜೋರಾಗಿ ಹೇಳು" ಎಂದರು.

ಹೇಳಿದೆ. ಹಿಟ್ಟಿಗೆ ಬಂದು ಜಗಲಿಯ ಮೇಲೆ ಕೂತಿದ್ದವರೆಲ್ಲ ಡಬ್ಬಗಳನ್ನು ಅಲ್ಲೇ ಬಿಟ್ಟು ಎದ್ದು, ಬಾಗಿಲಿಗೆ ಬಂದು, ಸಿಹಿ ಎಲ್ಲಿ ಎಂದು ಕೇಳಿದರು.